ಭಾನುಪ್ರಿಯಳ ಲೆಕ್ಕದ ಹೊತ್ತು

ಸಂಜೆ ಏಳರಿಂದ ಎಂಟರವರೆಗೆ ಭಾನುಪ್ರಿಯಳನ್ನು ಯಾರೂ ಕೂಗುವಂತಿಲ್ಲ. ಹದಿನಾರು ವರ್ಷದ ಸಂಸಾರದಲ್ಲಿ ಅವಳ ಹೆಸರಿಗೆ ಖಾತೆಯಾದ ಆಸ್ತಿ ಅಂತಿದ್ದರೆ ಆ ಒಂದು ಗಂಟೆ. ಆಗ ಹಸು ಅರಚಿದರೆ ಅರಚಿಕೊಳ್ಳಲಿ. ಸ್ನಾನಕ್ಕೆ ಹೋದ ಗಂಡ ಕೆಂಪರಾಜುವಿಗೆ ಟವೆಲು ಸಿಗದಿದ್ದರೆ ಮೈ ತಾನಾಗಿಯೇ ಒಣಗಲಿ. ಮಾವ ಬೋರಲಿಂಗಯ್ಯನವರಿಗೆ ಇನ್ನೊಂದು ಲೋಟ ಕಾಫಿ ಬೇಕು ಅನ್ನಿಸಿದರೆ ಎಂಟಾಗುವವರೆಗೂ ಅನ್ನಿಸುತ್ತಲೇ ಇರಲಿ. ಯಾಕೆಂದರೆ ಭಾನುಪ್ರಿಯ ಒಳಕೋಣೆಯ ಬಾಗಿಲು ಹಾಕಿಕೊಂಡು ಮಗಳು ಪೂರ್ವಿಕಾಗೆ ಲೆಕ್ಕ ಹೇಳಿಕೊಡುತ್ತಿದ್ದಾಳೆ.

ಈ ಆಸ್ತಿ ಸುಲಭಕ್ಕೇನೂ ಕೈಗೆ ಬಂದದ್ದಲ್ಲ. ಮೊದಲು ತಲೆನೋವು ಅಂತ ಹೇಳಿ ನೋಡಿದ್ದಳು. ಮುಲಾಮು ಹಚ್ಚಿಕೊಂಡು ಪಾತ್ರೆ ತೊಳೆಯುವ ಸಲಹೆ ಬಂತು. ಸುಸ್ತು ಅಂದಳು. ಆ ಮನೆಯಲ್ಲಿ ಸುಸ್ತಾಗುವುದಕ್ಕೆ ಮಾವನವರು ಮೊದಲೇ ಹೆಸರು ಬರೆಸಿದ್ದರು. ಸೀರಿಯಲ್ ನೋಡುತ್ತೇನೆ ಅಂದರೆ, ನೋಡುತ್ತಾ ಅವರೆಕಾಯಿ ಸುಲಿಯಬಹುದಲ್ಲ ಅಂದರು. ಕಡೆಗೊಂದು ದಿನ, ಒಂಬತ್ತನೇ ಕ್ಲಾಸಿನ ಮಗಳ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, “ಮಗೀಗೆ ಲೆಕ್ಕ ಹೇಳ್ಕೊಡ್ತಾ ಇವ್ನಿ” ಅಂದದ್ದೇ ತಡ, ಇಡೀ ಮನೆ ಉಸಿರು ಬಿಗಿಹಿಡಿಯಿತು. ಕೆಂಪರಾಜು ಟಿವಿಯ ಸದ್ದು ಇಳಿಸಿದ. ಅತ್ತೆ ಸಿದ್ದಮ್ಮ ಎದ್ದು ಹೋಗಿ ತಾವೇ ಹಾಲಿಗೆ ಹೆಪ್ಪು ಹಾಕಿದರು. ಹೆಂಗಸು ತನಗಾಗಿ ಕೂತರೆ ಸೋಮಾರಿತನ, ಮಗುವಿಗಾಗಿ ಕೂತರೆ ತಪಸ್ಸು ಎಂಬುದು ಭಾನುಪ್ರಿಯಳಿಗೆ ಅವತ್ತು ಮನದಟ್ಟಾಯಿತು. ಇಷ್ಟು ಸಣ್ಣ ಸೂತ್ರ ಹೊಳೆಯುವುದಕ್ಕೆ ಹದಿನಾರು ವರ್ಷ ಬೇಕಾಯಿತಲ್ಲ ಅಂತ ಬೇಜಾರೂ ಆಯಿತು.

ಹೊರಗಿನವರಿಗೆ ತಿಳಿಯದೇ ಇದ್ದದ್ದು ಒಂದೇ ಸಂಗತಿ. ಬಾಗಿಲ ಹಿಂದೆ ಹೇಳಿಕೊಡುತ್ತಿದ್ದವಳು ಮಗಳು, ಕಲಿಯುತ್ತಿದ್ದವಳು ತಾಯಿ.

“ಅಮ್ಮ, ಮೈನಸ್ಸನ್ನ ಮೈನಸ್ಸಿಂದ ಗುಣಿಸಿದ್ರೆ ಏನು?”

“ಮೈನಸ್ಸು.”

“ನಿನ್ನೆ ತಾನೆ ಹೇಳಿದೀನಿ! ಪ್ಲಸ್ಸು!”

“ಎರಡು ನಷ್ಟ ಸೇರಿದ್ರೆ ಲಾಭ ಎಂಗಾಯ್ತದಮ್ಮಿ? ನಿಮ್ಮಪ್ಪ, ನಿಮ್ ತಾತ ಇಬ್ರೂ ಒಟ್ಗೆ ಕೆಲ್ಸಕ್ಕೆ ಕುಂತು ಯಾವತ್ತಾದ್ರೂ ಪ್ಲಸ್ಸು ಆಗಿರದ ನೋಡಿದೀಯಾ?”

ಪೂರ್ವಿಕಾ ಬಾಯಿಗೆ ದಾವಣಿ ಅಡ್ಡ ಹಿಡಿದು ನಕ್ಕಳು. ನಗು ಹೊರಗೆ ಕೇಳಿಸಿತೇನೋ ಅಂತ ಭಾನುಪ್ರಿಯ ಕೂಡಲೇ ದನಿ ಏರಿಸಿದಳು. “ಎಷ್ಟು ಸಲ ಹೇಳ್ಕೊಡ್ಬೇಕು ಪೂರ್ವೀ ನಿಂಗೆ? ಗಮನ ಎಲ್ಲೈತೆ?”

ಜಗಲಿಯಿಂದ ಬೋರಲಿಂಗಯ್ಯನವರು ಮೆಚ್ಚುಗೆಯಿಂದ ಕೆಮ್ಮಿದರು.

ಊರು ಮಾಗಡಿ ತಾಲ್ಲೂಕಿನದು, ಕಲ್ಯದಿಂದ ಒಂದಿಷ್ಟು ಒಳಗೆ. ಒಂದೂವರೆ ಎಕರೆ ಹಿಪ್ಪುನೇರಳೆ, ಎರಡು ಹಸು, ಮನೆಯ ಹಿಂದೆ ಶೀಟು ಹೊದಿಸಿದ ರೇಷ್ಮೆಹುಳದ ಮನೆ. ಭಾನುಪ್ರಿಯ ಕನಕಪುರದ ಕಡೆಯಿಂದ ಬಂದ ಸೊಸೆ. ಹದಿನಾರು ತುಂಬಿದಾಗ ಎಸ್ಸೆಸ್ಸೆಲ್ಸಿಯಲ್ಲಿ ಐದು ವಿಷಯ ಪಾಸಾಗಿ ಗಣಿತದಲ್ಲಿ ಮೂವತ್ತೆರಡಕ್ಕೆ ನಿಂತಿದ್ದಳು. ಬೇಕಾಗಿದ್ದದ್ದು ಮೂವತ್ತೈದು. ಆ ಮೂರು ಅಂಕದ ಮರುಪರೀಕ್ಷೆಗೆ ಅರ್ಜಿ ಹಾಕುವ ಕಡೆಯ ದಿನ ಅಪ್ಪನಿಗೆ ಮರೆತುಹೋಯಿತು. ಅಣ್ಣನ ಬೈಕಿನ ವಿಮೆಯ ಕಡೆಯ ದಿನ ಮಾತ್ರ ಅವರಿಗೆ ಸದಾ ನೆನಪಿರುತ್ತಿತ್ತು. ಎರಡು ವರ್ಷ ಸೊಪ್ಪು ಕೊಯ್ದಳು. ಹದಿನೆಂಟಕ್ಕೆ ಮದುವೆಯಾಗಿ ಇಲ್ಲಿಗೆ ಬಂದು ಮತ್ತೆ ಸೊಪ್ಪು ಕೊಯ್ದಳು. ಇನ್ನು ಮೂರೇ ಅಂಕ ಇದ್ದಿದ್ದರೆ ಏನಾಗುತ್ತಿದ್ದೆ ಅಂತ ಅವಳು ಬಹಳ ಯೋಚಿಸಲಿಲ್ಲ. ಯೋಚಿಸುವುದಕ್ಕೆ ಏಳರಿಂದ ಎಂಟು ಆಗಿನ್ನೂ ಸಿಕ್ಕಿರಲಿಲ್ಲ.

ಈಗ ಯೋಚಿಸುವುದಕ್ಕೆ ಕಾರಣ ಬಂದಿತ್ತು. ಊರಿನ ಹೆಂಗಸರ ಹಾಲಿನ ಡೇರಿಯಲ್ಲಿ ಹಾಲು ಅಳೆದು ಜಿಡ್ಡು ನೋಡುವ ಕೆಲಸ ಜೂನ್‌ಗೆ ಖಾಲಿಯಾಗುತ್ತಿತ್ತು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ತಿಂಗಳಿಗೊಂದು ಸಂಬಳ, ಕೂರುವುದಕ್ಕೊಂದು ಕುರ್ಚಿ. ಅವಳ ಕಣ್ಣು ಬಿದ್ದದ್ದು ಕುರ್ಚಿಯ ಮೇಲೆ. ಯಾರ ಮನೆಯ ಹಾಲಿಗೆ ಎಷ್ಟು ನೀರು ಸೇರಿದೆ ಅಂತ ಬೆರಳದ್ದಿ ಹೇಳುವಷ್ಟು ಪಳಗಿದ್ದಳು. ಆದರೆ ನಿಯಮದಲ್ಲಿ ಬೆರಳಿನ ಮಾತಿರಲಿಲ್ಲ, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಅಂತಿತ್ತು. ಒಮ್ಮೆ ಊಟಕ್ಕೆ ಬಡಿಸುವಾಗ ಗಂಡನ ಕಿವಿಗೆ ಹಾಕಿದ್ದಳು.

“ನೀನು ಡೇರೀಲಿ ಹೋಗಿ ಕುಂತ್ಕಂಡ್ರೆ ಹುಳುಕ್ಕೆ ಸೊಪ್ಪು ಯಾರು ಹಾಕದು?” ಅಂದ ಕೆಂಪರಾಜು. ಸಿಟ್ಟಿನಿಂದಲ್ಲ, ನಿಜವಾಗಿಯೂ ಉತ್ತರ ಗೊತ್ತಿಲ್ಲದವನ ಹಾಗೆ. ಆಮೇಲೆ ನಕ್ಕ. “ಅದೂ ಅಲ್ದೆ ಲೆಕ್ಕದಲ್ಲಿ ಡುಮ್ಕಿ ಹೊಡ್ದೋಳು ನೀನು. ಒಸಿ ಸಾರು ಹಾಕು.”

ಒಸಿ ಸಾರು ಹಾಕಿದಳು. ಆ ವಾರವೇ ಪೂರ್ವಿಕಾ ಮಾಗಡಿಯ ಸೈಬರ್ ಅಂಗಡಿಯಲ್ಲಿ ತಾಯಿಯ ಹಳೇ ಅಂಕಪಟ್ಟಿ ಕೊಟ್ಟು ಅರ್ಜಿ ತುಂಬಿಸಿದಳು. ಮಾರ್ಚ್ ಇಪ್ಪತ್ತಮೂರಕ್ಕೆ ಗಣಿತ ಪರೀಕ್ಷೆ, ಮಾಗಡಿಯಲ್ಲೇ. ಪಕ್ಕದ ಮನೆಯ ಹುಡುಗಿ ಬಿಸಾಡಿದ್ದ ಹತ್ತನೇ ಕ್ಲಾಸಿನ ಗೈಡು ಮನೆಗೆ ಬಂತು. “ಮುಂದಿನ ವರ್ಷುದ್ದು ಈಗ್ಲೇ ಓದ್ತಾವ್ಳೆ ಮೊಮ್ಮಗ್ಳು” ಅಂತ ಬೋರಲಿಂಗಯ್ಯನವರು ಅರಳಿಕಟ್ಟೆಯಲ್ಲಿ ಸಾರಿಕೊಂಡು ಬಂದರು.

ಗೈಡಿನಲ್ಲಿ ಭಾನುಪ್ರಿಯ ಪೂರ್ತಿ ಎರಡು ಸಂಜೆ ಜಗಳವಾಡಿದ ಲೆಕ್ಕ ಒಂದಿತ್ತು. ಒಂದು ಕೆಲಸವನ್ನು ನಾಲ್ಕು ಗಂಡಸರು ಆರು ದಿನದಲ್ಲಿ ಮುಗಿಸುತ್ತಾರೆ. ಅದೇ ಕೆಲಸ ಮುಗಿಸಲು ಎಂಟು ಹೆಂಗಸರಿಗೆ ಆರು ದಿನ ಬೇಕು. ಹಾಗಾದರೆ ಇಬ್ಬರು ಗಂಡಸರು, ಇಬ್ಬರು ಹೆಂಗಸರು ಸೇರಿ ಎಷ್ಟು ದಿನದಲ್ಲಿ ಮುಗಿಸುತ್ತಾರೆ?

“ಕೆಲ್ಸ ಯಾವ್ದು?” ಅಂದಳು ಭಾನುಪ್ರಿಯ.

“ಯಾವ್ದೋ ಒಂದು. ಅದೆಲ್ಲ ಕೇಳ್ಬಾರ್ದು.”

“ಕೆಲ್ಸ ಯಾವ್ದು ಅಂತ್ಲೇ ಗೊತ್ತಿಲ್ದೆ ಎಷ್ಟು ದಿನ ಅಂತ ಎಂಗಮ್ಮಿ ಹೇಳದು? ಕಳೆ ಕೀಳದಾ? ಹುಳ ಆಯದಾ? ಹಸಿನ ಕೊಟ್ಗೆ ಬಳಿಯದಾ?”

“ಅಮ್ಮ, ಒಬ್ಬ ಗಂಡಸು ಅಂದ್ರೆ ಇಬ್ರು ಹೆಂಗಸ್ರಿಗೆ ಸಮ ಅಂತ ಇಟ್ಕಂಡ್ರೆ ಸಾಕು. ಎಂಟು ದಿನ ಅಂತ ಉತ್ರ ಬತ್ತದೆ. ನಾಲ್ಕು ಮಾರ್ಕ್ಸು.”

“ಯಾರಿಗೆ ಯಾರು ಸಮ?”

“ಗೈಡಲ್ಲಿ ಐತೆ.”

“ಗೈಡ್ ಬರ್ದೋನ ಮನೇಲಿ ಯಾರು ಕಸ ಗುಡಿಸ್ತಾರೆ ಅಂತ ಕೇಳ್ಕಂಡು ಬಾ ಹೋಗು.” ಪೆನ್ನು ಕೆಳಗಿಟ್ಟಳು. “ಆ ಎಂಟು ಜನ ಹೆಂಗಸ್ರು ಬೆಳಿಗ್ಗೆ ಮುದ್ದೆ ತಿರ್ವಿ, ಹಾಲು ಕರ್ದು, ಮಕ್ಕಳಿಗೆ ಜಡೆ ಹಾಕಿ ಬಂದವ್ರೆ. ಆ ನಾಲ್ಕು ಜನ ಗಂಡಸ್ರು ಎದ್ದು ಬಂದವ್ರೆ. ಅದ್ನ ಎಲ್ಲಿ ಬರ್ದವ್ನೆ?”

“ಅಮ್ಮ, ನಿಂಗೆ ಪಾಸಾಗ್ಬೇಕಾ, ನ್ಯಾಯ ಬೇಕಾ?”

ನ್ಯಾಯ ಸಿಗುವುದು ಡೇರಿಯ ಕುರ್ಚಿಗಿಂತ ದೂರದ ಮಾತು. ಭಾನುಪ್ರಿಯ ಪೆನ್ನು ಎತ್ತಿಕೊಂಡಳು.

ಕಷ್ಟವಿದ್ದದ್ದು ಬೀಜಗಣಿತದಲ್ಲಲ್ಲ, ಹುಳದಲ್ಲಿ. ರೇಷ್ಮೆ ಸಾಕುವವರ ಮನೆಯಲ್ಲಿ ಗಂಡಸರಿಗೆ ಎರಡು ದಿನ ಭಾರೀ ಕೆಲಸ. ಮರಿಹುಳ ತರುವ ದಿನ ಒಂದು, ರಾಮನಗರದ ಮಾರುಕಟ್ಟೆಗೆ ಗೂಡು ಒಯ್ಯುವ ದಿನ ಇನ್ನೊಂದು. ನಡುವಿನ ದಿನಗಳೆಲ್ಲ ಹೆಂಗಸರದ್ದು. ಚಾಕಿ ಅಂತ ಕರೆಯುವ ಆ ಮರಿಹುಳ ಮನೆಗೆ ಬಂದ ಹದಿನೆಂಟು ದಿನಕ್ಕೆ ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ತಯಾರಾಗುತ್ತದೆ. ಅಷ್ಟರಲ್ಲಿ ಎರಡು ಸಲ ಅದು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಒಂದು ದಿನ ಸುಮ್ಮನೆ ಕೂತು ಚರ್ಮ ಬಿಡುತ್ತದೆ. ಅದಕ್ಕೆ ಇಲ್ಲಿ ಹುಳ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಒಂದು ದಿನ ಏನೂ ಮಾಡದೆ ಕೂತರೆ ಅದಕ್ಕೆ ಕಾಯಿಲೆಯ ಹೆಸರಿಡುವುದು ಈ ಸೀಮೆಯ ಪದ್ಧತಿ. ಹುಳಕ್ಕಾದರೆ ಆ ಕಾಯಿಲೆಯಾದರೂ ಇತ್ತು.

ಹಣ್ಣಾದ ದಿನ ಮಾತ್ರ ತಮಾಷೆಯಿಲ್ಲ. ಅವತ್ತು ಬೆಳಿಗ್ಗೆಯಿಂದ ಸಾವಿರಾರು ಹುಳವನ್ನು ಸೊಪ್ಪಿನಿಂದ ಒಂದೊಂದಾಗಿ ಆಯ್ದು, ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಯ ಸುರುಳಿಗಳಲ್ಲಿ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಸುತ್ತಿ ಹಾಳಾಗುತ್ತವೆ. ಭಾನುಪ್ರಿಯ, ಸಿದ್ದಮ್ಮ, ಮುಯ್ಯಿಗೆ ಬರುವ ಇಬ್ಬರು ಹೆಂಗಸರು, ನಾಲ್ಕು ಜನ ಕೂತರೆ ಎಂಟು ಗಂಟೆಯ ಕೆಲಸ. ಮುಯ್ಯಿ ಅಂದರೆ, ನಿಮ್ಮ ಮನೆಯ ಹುಳಕ್ಕೆ ನಾನು ಬಂದರೆ ನಮ್ಮ ಮನೆಯ ಹುಳಕ್ಕೆ ನೀವು. ಯಾರು ಯಾರ ಮನೆಗೆ ಎಷ್ಟು ಸಲ ಹೋಗಿದ್ದಾರೆ ಅಂತ ಊರಿನ ಹೆಂಗಸರೆಲ್ಲರ ತಲೆಯಲ್ಲಿತ್ತು, ಒಬ್ಬ ಗಂಡಸಿನ ತಲೆಯಲ್ಲೂ ಇರಲಿಲ್ಲ.

ಪರೀಕ್ಷೆ ಇಪ್ಪತ್ತಮೂರಕ್ಕೆ. ಭಾನುಪ್ರಿಯ ಕ್ಯಾಲೆಂಡರಿನ ಮುಂದೆ ನಿಂತು ಹದಿನೆಂಟು ದಿನ ಹಿಂದಕ್ಕೆ ಎಣಿಸಿದಳು. ಚಾಕಿ ಎಂಟನೇ ತಾರೀಕು ಬಂದರೆ ಹುಳ ಹಣ್ಣಾಗುವುದು ಇಪ್ಪತ್ತಾರಕ್ಕೆ. ಮೂರು ದಿನ ಕೈಯಲ್ಲಿರುತ್ತದೆ. “ಎಂಟನೇ ತಾರೀಕು ಒಳ್ಳೆ ದಿನ, ಅವತ್ತೇ ತನ್ನಿ” ಅಂತ ಗಂಡನಿಗೆ ನಾಲ್ಕು ಸಲ ಹೇಳಿದಳು. ಕೆಂಪರಾಜು ಆರನೇ ತಾರೀಕೇ ತಂದ. ಯಾರದೋ ಟೆಂಪೋ ಆ ಕಡೆ ಹೋಗುತ್ತಿತ್ತಂತೆ.

“ಎಲ್ಡು ದಿನ ಮುಂಚೆ ಆದ್ರೆ ಗಂಟೇನು ಹೋಯ್ತು?” ಅಂದ.

ಅವಳ ಗಂಟಿನಲ್ಲಿ ಎರಡು ದಿನ ಹೋಯಿತು. ಉಳಿದದ್ದು ಒಂದು. ಆ ಒಂದನ್ನು ಮಾರ್ಚ್ ತಿಂಗಳ ಬಿಸಿಲು ತಿಂದಿತು. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಗೋಣಿ ನೆನೆಸಿ ಕಟ್ಟಿ, ಏನು ಮಾಡಿದರೂ ಕಾವಿಗೆ ಹುಳ ಒಂದು ದಿನ ಬೇಗನೇ ಬೆಳೆದವು. ಇಪ್ಪತ್ತಮೂರರ ಬೆಳಿಗ್ಗೆ ಐದೂವರೆಗೆ ಭಾನುಪ್ರಿಯ ಹುಳದ ಮನೆಯ ಬಾಗಿಲು ತೆಗೆದಳು. ತಟ್ಟೆತುಂಬ ಹುಳಗಳು ಜೇನಿನ ಬಣ್ಣಕ್ಕೆ ತಿರುಗಿ, ತಿನ್ನುವುದು ಬಿಟ್ಟು, ತಲೆ ಆಡಿಸುತ್ತಾ ಎಲ್ಲಿ ಕಟ್ಟಲಿ, ಎಲ್ಲಿ ಕಟ್ಟಲಿ ಅಂತ ಹುಡುಕುತ್ತಿದ್ದವು.

“ನಿಮ್ಮನೆ ಹಾಳಾಗ,” ಅಂದಳು. ಹುಳಗಳಿಗೆ ಅದರಿಂದ ಏನೂ ಆಗಲಿಲ್ಲ.

ಹತ್ತೂವರೆಗೆ ಪರೀಕ್ಷೆ. ಎಂಟಕ್ಕೆ ಬಸ್ಸು. ಇವತ್ತು ಹೋಗದಿದ್ದರೆ ಮುಂದಿನ ಸಲಕ್ಕೆ ಜೂನ್ ಕಳೆಯುತ್ತದೆ, ಡೇರಿಯ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಅವಳು ಹಿತ್ತಲ ಕಲ್ಲಿನ ಮೇಲೆ ಕೂತು ಮುಖ ತೊಳೆದಳು. ಮುಖ ಒರೆಸುವಷ್ಟರಲ್ಲಿ ದಾರಿ ಕಂಡಿತು. ಎಷ್ಟು ಹತ್ತಿರದಲ್ಲಿತ್ತು ಅಂದರೆ ಅವಳಿಗೇ ನಗು ಬಂತು.

ಆ ಮನೆಯಲ್ಲಿ ಮುಟ್ಟಾದವಳು ಹುಳದ ಮನೆಗೆ ಕಾಲಿಡುವಂತಿಲ್ಲ, ಮೂರು ದಿನ. ಗಾಳಿ ಸೋಕಿದರೂ ಹುಳ ಕೆಡುತ್ತದೆ. ಹಿಂದೆ ಅಡುಗೆಮನೆಗೂ ಹೋಗುವಂತಿರಲಿಲ್ಲವಂತೆ. ಹೊರಗಾದ ಸೊಸೆಯ ಬದಲು ಒಲೆಯ ಮುಂದೆ ನಿಲ್ಲಲು ಗಂಡಸರು ಯಾರೂ ಮುಂದೆ ಬಾರದ ಕಾರಣ ಆ ನಿಯಮ ತಾನಾಗಿಯೇ ಸತ್ತಿತು. ಅಂದರೆ ಮುಟ್ಟಾದವಳು ತಿರುವಿದ ಮುದ್ದೆ ಬೋರಲಿಂಗಯ್ಯನವರಿಗೆ ಅರಗುತ್ತಿತ್ತು, ಅವಳು ಹಾಕಿದ ಸೊಪ್ಪು ಹುಳಕ್ಕೆ ಅರಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಭಾನುಪ್ರಿಯ ಬೇರೆ ಕೈ ಇಲ್ಲದೆ ಎಷ್ಟೋ ಸಲ ಬಾಯಿ ಮುಚ್ಚಿಕೊಂಡು ಆ ದಿನಗಳಲ್ಲೂ ಸೊಪ್ಪು ಹಾಕಿದ್ದಳು. ಹುಳಗಳು ದೂರು ಕೊಟ್ಟಿರಲಿಲ್ಲ.

ಹಲ್ಲುಜ್ಜುತ್ತಾ ನಿಂತಿದ್ದ ಗಂಡನಿಗೆ ಹತ್ತು ಅಡಿ ದೂರದಿಂದ ಹೇಳಿದಳು. “ನೋಡಿ, ಹುಳ ಹಣ್ಣಾಗವೆ. ನಾನು ಹೊರಗಾಗಿವ್ನಿ.”

ಕೆಂಪರಾಜುವಿನ ಬಾಯಿಂದ ನೊರೆ ಇಳಿಯಿತು. “ಇವತ್ತಾ?”

“ನಾನೇನು ಪಂಚಾಂಗ ನೋಡ್ಕಂಡು ಆಯ್ತೀನಾ?”

“ಮತ್ತೆ ಹುಳ ಆಯದು?”

“ನೀವು, ಮಾವ, ಅತ್ತೆ ಇದೀರಲ್ಲ. ನಾನು ಸುತ್ತಮುತ್ತ ಸುಳಿದ್ರೂ ಕಷ್ಟ. ಹೆಂಗೂ ಪೂರ್ವಿ ಸ್ಕೂಲಿಂದ ಬರಕ್ಕೆ ಹೇಳವ್ರೆ. ಹೋಗ್ಬುಟ್ಟು ಸಂಜೆಗೆ ಬತ್ತೀನಿ.”

“ಸ್ಕೂಲಲ್ಲೇನಂತೆ?”

“ಲೆಕ್ಕದಲ್ಲಿ ವೀಕಂತೆ,” ಅಂದಳು ಭಾನುಪ್ರಿಯ. ತರಗತಿಗೇ ಮೊದಲು ಬರುವ ಪೂರ್ವಿಕಾ ಬಾಗಿಲಲ್ಲಿ ನಿಂತು ತಾಯಿಗಾಗಿ ತಲೆ ತಗ್ಗಿಸಿದಳು.

“ವರ್ಷವೆಲ್ಲ ಬಾಗ್ಲು ಹಾಕ್ಕಂಡು ಹೇಳ್ಕೊಟ್ರೂ ವೀಕಾ?” ಕೆಂಪರಾಜು ಬಾಯಿ ಮುಕ್ಕಳಿಸಿ ಉಗಿದ. “ಹೇಳ್ಕೊಡೋಳಿಗೇ ಬರಲ್ಲ, ಅದ್ಕೇ.”

ಭಾನುಪ್ರಿಯ ಹಸುವಿಗೆ ಬೂಸ ಕಲಸುವುದಕ್ಕೆ ಕೊಟ್ಟಿಗೆಗೆ ಹೋದಳು. ಹಿಂದೆಯೇ ಅತ್ತೆ ಬಂದರು. ಸಿದ್ದಮ್ಮನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮತ ಹಾಕುವುದಕ್ಕೆ ಮಾತ್ರ ಶಾಲೆಗೆ ಹೋಗಿದ್ದರು. ಅವರು ಎಲೆಅಡಿಕೆ ಒಂದು ಕೆನ್ನೆಗೆ ಸರಿಸಿ, ಹೆಬ್ಬೆರಳಿನಿಂದ ಬೆರಳಿನ ಗೆಣ್ಣುಗಳನ್ನು ಮುಟ್ಟುತ್ತಾ ನಿಂತರು.

“ಚಾಕಿ ತಂದ ದಿನ ನೀನು ಹೊಟ್ಟೆನೋವು ಅಂತ ಜೀರಿಗೆ ಕಷಾಯ ಕುಡ್ಕಂಡು, ಹುಳದ ಮನೇಲಿ ಚಾಕಿ ಹಾಸ್ತಿದ್ದೆ. ಅವತ್ತು ಆಗಿದ್ದೆ. ಇಲ್ಲ ಅಂದೆ.”

ಭಾನುಪ್ರಿಯಳ ಕೈ ಬೂಸದಲ್ಲೇ ನಿಂತಿತು.

“ಇವತ್ತು ಆಗಿಲ್ಲ. ಆಗೈತೆ ಅಂತೀಯ. ಅವತ್ತಿಂದ ಇವತ್ತಿಗೆ ಎಷ್ಟು ದಿನ ಆಯ್ತು?”

“ಹದಿನೇಳು, ಅತ್ತೆ.”

“ಲೆಕ್ಕ ಬತ್ತದಲ್ಲ ಮತ್ತೆ.” ಸಿದ್ದಮ್ಮ ಪಕ್ಕಕ್ಕೆ ತಿರುಗಿ ಪಿಚಕ್ಕೆಂದು ಉಗಿದರು. “ಹೋಗು, ಬರ್ದು ಬಾ.”

ಭಾನುಪ್ರಿಯ ಬೂಸದ ಕೈಯಲ್ಲೇ ಎದ್ದು ಅತ್ತೆಯ ಮುಖ ನೋಡಿದಳು.

“ಏನು ಹಂಗ್ ನೋಡ್ತೀಯ? ಗೋಡೆ ಆಚೆ ಮಲ್ಗೋಳು ನಾನು. ಹೇಳ್ಕೊಡೋಳ್ನ ಮಗಳು ದಿನಾ ಬಯ್ತಾಳಾ, ‘ದಡ್ಡಿ, ಮತ್ತೆ ತಪ್ಪು’ ಅಂತ? ನಿಮ್ಮಾವಂಗೆ ಕಿವಿ ಮಂದ, ನನ್ ಮಗಂಗೆ ತಲೆ ಮಂದ. ನಂಗೆ ಎಲ್ಡೂ ನೆಟ್ಗವೆ.” ಸ್ವಲ್ಪ ಹತ್ತಿರ ಬಂದರು. “ಡೇರಿಗೆ ಹೋದ್ರೆ ಬೆಳಿಗ್ಗೆ ಹಸ ಕರೆಯೋರು ಯಾರು? ಅದ್ನೂ ನನ್ ತಲೆಗೆ ಕಟ್ಟೀಯಾ?”

“ನಿಮ್ ಮಗ ಕರೀತಾರೆ.”

“ಅವ್ನು ಹಸಿನ ಮೊಲೆ ಮುಟ್ಟಿದೋನಲ್ಲ.”

“ಕಲೀತಾರೆ ಬುಡಿ. ನಾನೇ ಈ ವಯಸ್ಸಲ್ಲಿ ಲೆಕ್ಕ ಕಲ್ತಿಲ್ವಾ?”

ಸಿದ್ದಮ್ಮ ಆ ಮಾತನ್ನು ಎಲೆಅಡಿಕೆಯ ಜೊತೆ ಅಗಿದು ನೋಡಿದರು. ರುಚಿಯೆನಿಸಿತೋ ಏನೋ, ಕೈ ಚಾಚಿ ಸೊಸೆಯ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಕೊಟ್ಟಿಗೆಯಿಂದಲೇ ಊರಿಗೆಲ್ಲ ಕೇಳುವ ಹಾಗೆ ಕೂಗಿದರು.

“ಅಯ್ಯೋ ಶಿವ್ನೇ! ಲೋ ಕೆಂಪ, ಗೊತ್ತಿಲ್ದೆ ಇವ್ಳ ಮುಟ್ಬುಟ್ಟೆ ಕಣ್ಲಾ! ನಾನೂ ಹುಳದ ಮನೆಗೆ ಬರಂಗಿಲ್ಲ!”

“ತಲೆಗೆ ನೀರು ಹಾಕ್ಕಳವ್ವ!” ಅಂತ ಬಚ್ಚಲ ಕಡೆಯಿಂದ ಕೂಗು ಬಂತು.

“ಶೀತ ಐತೆ ಕಣ್ಲಾ ನಂಗೆ! ತಲೆಗೆ ನೀರು ಹಾಕ್ಕಂಡು ಸಾಯ್ಲಾ?”

ಎಂಟರ ಬಸ್ಸು ಹತ್ತುವಾಗ ಭಾನುಪ್ರಿಯ ಹಿಂತಿರುಗಿ ನೋಡಿದಳು. ಕೆಂಪರಾಜು ಫೋನಿನಲ್ಲಿ ಇಬ್ಬರು ಗೆಳೆಯರನ್ನು ಅಂಗಲಾಚಿ ಕರೆಸಿಕೊಂಡಿದ್ದ. ಗಂಡ, ಮಾವ, ಆ ಇಬ್ಬರು, ಒಟ್ಟು ನಾಲ್ಕು ಗಂಡಸರು ಹುಳದ ಮನೆಯ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಸಿದ್ದಮ್ಮ ಎದುರಿನ ಜಗಲಿಯ ಮೇಲೆ ಕಾಲು ಚಾಚಿ, ಎಲೆಗೆ ಸುಣ್ಣ ಸವರುತ್ತಿದ್ದರು.

ಪರೀಕ್ಷೆಯ ಕೋಣೆಯಲ್ಲಿ ಅವಳ ಪಕ್ಕದ ಬೆಂಚಿನ ಹುಡುಗ ಮೊದಲು ಅವಳನ್ನು ಮೇಡಂ ಅಂದುಕೊಂಡು ಎದ್ದು ನಿಂತ. ಅವಳೂ ಬೆಂಚಿನಲ್ಲಿ ಕೂತದ್ದು ನೋಡಿ ಗಾಬರಿಯಾಗಿ ಕೂತ. ಪ್ರಶ್ನೆಪತ್ರಿಕೆ ಬಂತು. ಎರಡನೇ ಪುಟ ತಿರುವಿದರೆ ಅಲ್ಲಿ ಅವರು ನಿಂತಿದ್ದರು, ಅದೇ ಗಂಡಸರು, ಅದೇ ಹೆಂಗಸರು, ಸಂಖ್ಯೆ ಮಾತ್ರ ಬೇರೆ. ಕೆಲಸ ಯಾವುದು ಅಂತ ಇಲ್ಲೂ ಬರೆದಿರಲಿಲ್ಲ. ಭಾನುಪ್ರಿಯಳ ಕಣ್ಣ ಮುಂದೆ ಹುಳದ ಮನೆಯ ಬಾಗಿಲಲ್ಲಿ ನಿಂತ ನಾಲ್ವರು ಬಂದು ಹೋದರು. ಪೆನ್ನಿನ ತುದಿಯಲ್ಲಿ ಸತ್ಯ ಕುಣಿಯುತ್ತಿತ್ತು. ಆದರೆ ನಾಲ್ಕು ಅಂಕ. ಬೆಳಿಗ್ಗೆ ಒಂದು ಸುಳ್ಳು ಹೇಳಿದ್ದಾಗಿದೆ, ಇನ್ನೊಂದೇನು ಭಾರ ಅಂತ, ಒಬ್ಬ ಗಂಡಸು ಇಬ್ಬರು ಹೆಂಗಸರಿಗೆ ಸಮ ಎಂದು ಇಟ್ಟುಕೊಂಡು ಅಚ್ಚುಕಟ್ಟಾಗಿ ಬಿಡಿಸಿದಳು. ಉತ್ತರದ ಕೆಳಗೆ ಎರಡು ಗೆರೆ ಎಳೆಯುವಾಗ ಮಾತ್ರ ಕಾಗದ ಹರಿಯುವಷ್ಟು ಒತ್ತಿದಳು.

ಎರಡು ಗಂಟೆಗೆ ಹೊರಗೆ ಬಂದು ಫೋನು ತೆರೆದರೆ ಗಂಡನ ಹತ್ತೊಂಬತ್ತು ಕರೆಗಳು. ಮಾಡಿದಳು.

“ಎಲ್ ಹಾಳಾಗೋಗಿದ್ಯೇ? ಮುಯ್ಯಿಗೆ ಯಾರ್ನ ಕರೀಬೇಕು? ಅವ್ವನ್ನ ಕೇಳುದ್ರೆ ಭಾನೂಗೇ ಗೊತ್ತು ಅಂತೈತೆ!” ಕೆಂಪರಾಜುವಿನ ದನಿಯಲ್ಲಿ ಅಳು ಬೆರೆತಿತ್ತು. “ಇವು ಕೈಯಲ್ಲಿ ಮಿಸುಕಾಡ್ತವೆ ಕಣೇ! ಯಾವ್ದು ಹಣ್ಣು, ಯಾವ್ದು ಕಾಯಿ ಅಂತ್ಲೇ ಗೊತ್ತಾಯ್ತಿಲ್ಲ!”

“ಎಷ್ಟು ಆಗೈತೆ?”

“ಅರ್ಧನೂ ಇಲ್ಲ.”

ಭಾನುಪ್ರಿಯ ಬಸ್‌ಸ್ಟ್ಯಾಂಡಿನ ನೆರಳಲ್ಲಿ ನಿಂತು ಆರು ಮನೆಗೆ ಫೋನು ಮಾಡಿದಳು. ಪುಟ್ಟಲಿಂಗಮ್ಮನ ಮನೆಗೆ ಅವಳು ಎರಡು ಸಲ ಹೋಗಿದ್ದಳು, ಅವರದು ಬಾಕಿ. ಇನ್ನೊಬ್ಬರ ಮನೆಗೆ ಕಳೆದ ಬೆಳೆಯಲ್ಲಿ ಹೋಗಿದ್ದಳು. ಪುಸ್ತಕ ನೋಡಬೇಕಾಗಿರಲಿಲ್ಲ. ಮೂರು ಗಂಟೆಗೆ ಆರು ಹೆಂಗಸರು ಹುಳದ ಮನೆಗೆ ಬಂದು ಗಂಡಸರನ್ನು ಹೊರಗೆ ಅಟ್ಟಿದರು.

ಅವಳು ಊರು ತಲುಪುವಾಗ ನಾಲ್ಕು ದಾಟಿತ್ತು. ಜಗಲಿಯ ಮೇಲೆ ನಾಲ್ಕು ಗಂಡಸರು ಸೊಂಟ ಹಿಡಿದುಕೊಂಡು ಬಿದ್ದಿದ್ದರು. ಪುಟ್ಟಲಿಂಗಮ್ಮ ಕಿಟಕಿಯಿಂದ ಒಂದು ಚಂದ್ರಿಕೆ ಎತ್ತಿ ತೋರಿಸಿದಳು.

“ನೋಡವ್ವ ಭಾನು ನಿನ್ ಗಂಡನ ಕೆಲ್ಸವ! ಒಂದು ಕೂರೋ ಜಾಗದಲ್ಲಿ ಐದು ತುಂಬವ್ನೆ. ಮೆಜೆಸ್ಟಿಕ್ ಬಸ್ ಮಾಡವ್ನೆ!”

“ಎಲ್ಡೆಲ್ಡು ಹುಳ ಸೇರಿ ಒಂದೇ ಗೂಡು ಕಟ್ತವೆ, ಎಲ್ಲಾ ಜೋಡಿ ಗೂಡೇ ಇವು,” ಅಂದಳು ಇನ್ನೊಬ್ಬಳು. “ಪಾಪ, ಹುಳಾನಾರೂ ಜೋಡೀಲಿರ್ಲಿ ಅಂದ್ಕಂಡವ್ನೆ.”

ನಕ್ಕು ನಕ್ಕು ಕೆಲಸ ಮಾಡಿ ಆರು ಹೊಡೆಯುವ ಮೊದಲೇ ಅವರು ಎದ್ದರು. ಭಾನುಪ್ರಿಯ ದೂರದ ಕಲ್ಲಿನ ಮೇಲೆ, ಹೊರಗಾದವಳಿಗೆ ತಕ್ಕ ಗಾಂಭೀರ್ಯದಿಂದ ಕೂತಿದ್ದಳು. ಮುಂದಿನ ಎರಡು ದಿನವೂ ಹಾಗೆಯೇ ಕೂತಳು. ಸುಳ್ಳಿಗೂ ಒಂದು ನಿಯತ್ತು ಬೇಕಲ್ಲ.

ಅವತ್ತು ಸಂಜೆ ಏಳಕ್ಕೆ ಬಾಗಿಲು ಹಾಕಿಕೊಂಡ ಮೇಲೆ ಅವಳೇ ಮಗಳಿಗೆ ಲೆಕ್ಕ ಕೊಟ್ಟಳು. ನಾಲ್ಕು ಹೆಂಗಸರು ಎಂಟು ಗಂಟೆಯಲ್ಲಿ ಒಂದು ಮನೆಯ ಹುಳ ಆಯುತ್ತಾರೆ. ನಾಲ್ಕು ಗಂಡಸರು ಎಂಟರಿಂದ ಮೂರರವರೆಗೆ ಕೂತು ಅರ್ಧ ಆಯ್ದಿದ್ದಾರೆ. ಒಬ್ಬ ಗಂಡಸು ಎಷ್ಟು ಹೆಂಗಸಿಗೆ ಸಮ?

“ಅರ್ಧನೂ ಆಗಿರ್ಲಿಲ್ಲ ಅಂದ್ರಲ್ಲ ಅಪ್ಪ?”

“ಅರ್ಧ ಅಂತ್ಲೇ ಹಾಕು. ಧಾರಾಳವಾಗಿರಾಣ.”

“ಬೀಡಿ ಸೇದಕ್ಕೆ ಎದ್ದಿದ್ದು ಕಳೀಬೇಕಾ?”

“ಕಳೀಬೇಡ. ನಾವು ಕಾಫಿ ಕಾಯ್ಸಕ್ಕೆ ಎದ್ದಿದ್ದ ಯಾವತ್ತು ಯಾರು ಕಳೆದವ್ರೆ?”

ಪೂರ್ವಿಕಾ ಬರೆದಳು. ಹೆಂಗಸರಿಗೆ ಪೂರ್ತಿ ಕೆಲಸಕ್ಕೆ ಮೂವತ್ತೆರಡು ಗಂಟೆ. ಗಂಡಸರಿಗೆ ಅರ್ಧಕ್ಕೇ ಇಪ್ಪತ್ತೆಂಟು, ಪೂರ್ತಿಗೆ ಐವತ್ತಾರು. ಮೇಲಿನದನ್ನೂ ಕೆಳಗಿನದನ್ನೂ ಎಂಟರಿಂದ ಹೊಡೆದಳು. “ಏಳನೇ ನಾಲ್ಕು ಭಾಗ, ಅಮ್ಮ. ಅರ್ಧಕ್ಕಿಂತ ಒಸಿ ಮೇಲೆ.”

“ಪರ್ವಾಗಿಲ್ಲ,” ಅಂದಳು ಭಾನುಪ್ರಿಯ. “ನಾನು ಅಷ್ಟೂ ಅಂದ್ಕಂಡಿರ್ಲಿಲ್ಲ.”

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಗಣಿತ: ನಲವತ್ತೊಂದು. ಮೂವತ್ತೈದರ ಮೇಲೆ ಆರು ಅಂಕ ಹೆಚ್ಚಿಗೆ. ಅದನ್ನು ಯಾರಿಗಾದರೂ ಕೊಡುವ ಹಾಗಿದ್ದಿದ್ದರೆ ಹದಿನಾರರ ತನಗೇ ಮೂರು ಕಳಿಸುತ್ತಿದ್ದಳು. ಅಂಕಪಟ್ಟಿಯನ್ನು ಊಟದ ತಟ್ಟೆಯ ಪಕ್ಕ ಇಟ್ಟಾಗ ಕೆಂಪರಾಜು ಎರಡು ಸಲ ಓದಿದ. ತಾರೀಕು ನೋಡಿದ. ಇಪ್ಪತ್ತಮೂರು ಮಾರ್ಚ್. ಅವನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.

“ಅವತ್ತು ನೀನು…” ಅಂದವನು ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ. ಸಿದ್ದಮ್ಮ ಮುದ್ದೆ ಮುರಿಯುತ್ತಾ ಸೂರು ನೋಡುತ್ತಿದ್ದರು. ಅವನು ಇಡೀ ಲೆಕ್ಕವನ್ನು ತಲೆಯಲ್ಲಿ ಮಾಡಿದ್ದು ಮುಖದಲ್ಲಿ ಕಾಣಿಸಿತು. ಉತ್ತರವನ್ನು ಬಾಯಲ್ಲಿ ಹೇಳುವ ಧೈರ್ಯ ಬರಲಿಲ್ಲ.

“ಹೋಗ್ಲಿ ಬುಡು,” ಅಂದ ಕಡೆಗೆ. “ಮಗೀಗೆ ಹೇಳ್ಕೊಟ್ಟೂ ಹೇಳ್ಕೊಟ್ಟೂ ನೀನೂ ಕಲ್ತ್ಬುಟ್ಟೆ.”

ಈಗ ಬೆಳಿಗ್ಗೆ ಆರಕ್ಕೆ ಭಾನುಪ್ರಿಯ ಡೇರಿಯ ಕುರ್ಚಿಯಲ್ಲಿರುತ್ತಾಳೆ. ಕೆಂಪರಾಜು ಕ್ಯಾನು ತಂದು ಸಾಲಿನಲ್ಲಿ ನಿಲ್ಲುತ್ತಾನೆ. ಹಸು ಅವನನ್ನು ಎರಡು ಸಲ ಒದ್ದಿದೆ, ಈಗೀಗ ಇಬ್ಬರೂ ಹೊಂದಿಕೊಂಡಿದ್ದಾರೆ. ಮೊದಲ ವಾರ ಅವನ ಹಾಲಿಗೆ ನೀರು ಬಿದ್ದಿತ್ತು. ಅವಳು ಬೆರಳದ್ದಿ ಸುಮ್ಮನೆ ಮುಖ ನೋಡಿದಳು. ಎರಡನೇ ವಾರದಿಂದ ಬೀಳಲಿಲ್ಲ. ಸಂಜೆಯ ಹಾಲು ಏಳಕ್ಕೆ ಮುಂಚೆ ಮುಗಿಯುತ್ತದೆ.

ಏಳರಿಂದ ಎಂಟು ಮಾತ್ರ ಹಾಗೆಯೇ ಇದೆ. ಪರೀಕ್ಷೆ ಮುಗಿಯಿತು ಅಂತ ಯಾರಾದರೂ ಜಮೀನು ವಾಪಸ್ಸು ಕೊಡುತ್ತಾರೆಯೇ? ಪೂರ್ವಿಕಾ ಈಗ ಹತ್ತನೇ ಕ್ಲಾಸು. ಅವಳಿಗೆ ಲೆಕ್ಕ ಹೇಳಿಕೊಡುವುದು ಹಿಂದೆಂದಿಗಿಂತ ಅಗತ್ಯ ಎಂಬುದರಲ್ಲಿ ಮನೆಯಲ್ಲಿ ಎರಡು ಮಾತಿಲ್ಲ. ಬಾಗಿಲು ಹಾಕಿಕೊಂಡ ಮೇಲೆ ಪೂರ್ವಿಕಾ ತನ್ನ ಪಾಡಿಗೆ ಓದುತ್ತಾಳೆ. ಭಾನುಪ್ರಿಯ ಚಾಪೆಯ ಮೇಲೆ ಅಂಗಾತ ಮಲಗಿ, ಎದೆಯ ಮೇಲೆ ಹುರಿದ ಕಡಲೆಕಾಯಿಯ ಬಟ್ಟಲಿಟ್ಟುಕೊಂಡು, ತೊಲೆ ಎಣಿಸುತ್ತಾಳೆ. ಹತ್ತು ನಿಮಿಷಕ್ಕೊಮ್ಮೆ ಮನೆಗೆ ಕೇಳಲಿ ಅಂತ, “ಏಳೇಳ್ಲಿ ನಲವತ್ತೊಂಬತ್ತು, ಎಷ್ಟು ಸಲ ಹೇಳ್ಬೇಕು!” ಎಂದು ಗದರುತ್ತಾಳೆ.

ಮೊನ್ನೆ ಹಾಗೆ ಗದರಿದ ಮೇಲೆ ಬಾಗಿಲ ಮೇಲೆ ಬೆರಳಿನ ಸದ್ದಾಯಿತು. ಪೂರ್ವಿಕಾ ಎದ್ದು ಸ್ವಲ್ಪವೇ ತೆಗೆದಳು. ಸಿದ್ದಮ್ಮ, ಕಂಕುಳಲ್ಲಿ ತಮ್ಮ ದಿಂಬು ಇಟ್ಟುಕೊಂಡು ನಿಂತಿದ್ದರು. ಜಗಲಿಯಿಂದ ಬೋರಲಿಂಗಯ್ಯನವರ ದನಿ ಕೇಳುತ್ತಿತ್ತು. “ಏ ಸಿದ್ದಿ, ಒಂದ್ ಲೋಟ ಕಾಫಿ ಮಾಡೇ!”

“ಎಂಟಕ್ಕೆ ಬತ್ತೀನಿ ತಡ್ಕಳಿ!” ಅಂತ ಸಿದ್ದಮ್ಮ ಹಿಂದಕ್ಕೆ ಕೂಗಿದರು. ಆಮೇಲೆ ಒಳಗೆ ನುಗ್ಗಿ, ಬಾಗಿಲು ಹಾಕಿ, ಚಿಲಕ ಸಿಕ್ಕಿಸಿ, ಸೊಸೆಯ ಪಕ್ಕ ದಿಂಬು ಎಸೆದರು.

“ಸರ್ಕಳೇ ಒಸಿ. ನಂಗೂ ಲೆಕ್ಕದಲ್ಲಿ ಬಲೇ ವೀಕು.”